ಭಾರ ಕೂತ ಮೇಲೆ

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮಗನಿಗೆ ಅಮ್ಮ ಇಟ್ಟ ಹೆಸರು ಗಡಿಬಿಡಿ. ವಯಸ್ಸು ಐವತ್ತಾರಾಗಿ, ತಲೆ ಮುಕ್ಕಾಲು ಬೋಳಾಗಿ, ಊರಿನ ಅರ್ಧದಷ್ಟು ಮುದುಕರು ಅವನು ಕಟ್ಟಿದ ಹಲ್ಲಿನಿಂದಲೇ ಉಣ್ಣುತ್ತಿದ್ದರೂ ಮನೆಯೊಳಗೆ ಅವನು ಗಡಿಬಿಡಿಯೇ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ; ಇವನು ಮನೆಯ ಮುಂದಿನ ಕೋಣೆಯಲ್ಲಿ ಪ್ಲಾಸ್ಟರ್ ಕಲಸಿ, ಮೇಣ ಕರಗಿಸಿ, ಗುಲಾಬಿ ಬಣ್ಣದ ಒಸಡಿನ ಮೇಲೆ ಒಂದೊಂದೇ ಹಲ್ಲು ನಿಲ್ಲಿಸುತ್ತಾನೆ. ಆ ಕೆಲಸಕ್ಕೆ ಬೇಕಾದದ್ದು ತಾಳ್ಮೆ, ಇವನಲ್ಲಿ ಇದ್ದದ್ದು ಕೈಚಳಕ. ಒಂದರ ಕೊರತೆಯನ್ನು ಇನ್ನೊಂದು ಎಷ್ಟು ದಿನ ಮುಚ್ಚೀತು ಎಂದು ಅಮ್ಮ ಆಗಾಗ ಕೇಳುತ್ತಿದ್ದಳು. ಮುಚ್ಚುತ್ತಲೇ ಬಂದಿತ್ತು, ನಾಲ್ಕು ತಿಂಗಳ ಹಿಂದಿನ ಆ ಮಂಗಳವಾರದವರೆಗೆ.

ಅಂದು ಅಮ್ಮನನ್ನು ಕಣ್ಣಿನ ಡಾಕ್ಟರರಿಗೆ ತೋರಿಸಿಕೊಂಡು ವಾಪಸು ಬರುತ್ತಿದ್ದ. ಮನೆಯಲ್ಲಿ ಯಾರದೋ ಮೇಲ್ದವಡೆಯ ಅಚ್ಚು ಕಾಯುತ್ತಿತ್ತು. ಬೀದಿಯ ತಿರುವಿನಲ್ಲಿ, ಅಂಚೆ ಡಬ್ಬಿಯ ಪಕ್ಕ, ಚರಂಡಿಯ ಮುಚ್ಚಳ ಒಂದು ಗೇಣು ಕುಸಿದಿರುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ವೇಗ ತಗ್ಗಿಸಲಿಲ್ಲ. ಕಾರು ಧಡ್ ಎಂದು ಇಳಿದು ಧಡ್ ಎಂದು ಎದ್ದಿತು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಕಿರುಚಲಿಲ್ಲ. ‘ಅಪ್ಪಾ’ ಎಂದಳು, ಅಷ್ಟೆ. ಪಕ್ಕದ ಕೋಣೆಯಲ್ಲಿದ್ದವರನ್ನು ಕರೆದ ಹಾಗೆ. ಬೆನ್ನುಮೂಳೆಯ ಒಂದು ಮಣಿ ಜಜ್ಜಿಹೋಗಿತ್ತು. ಮೂರು ತಿಂಗಳು ಹಾಸಿಗೆ. ಆಮೇಲೆ ಸೊಂಟಕ್ಕೆ ಹಲಗೆಯಂಥ ಬಿಗಿಪಟ್ಟಿ, ಅಡಿಗೆಮನೆಯ ಕಿಟಕಿಯ ಪಕ್ಕ ನೆಟ್ಟಗಿನ ಒಂದು ಕುರ್ಚಿ. ಇನ್ನು ಕೂತು ಪ್ರಯಾಣ ಮಾಡಬಹುದು, ಆದರೆ ಕುಲುಕಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ಅಮ್ಮ ಮನೆಯ ಗೇಟು ದಾಟಿರಲಿಲ್ಲ.

ಅವಳು ಮಗನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ನಿದ್ದೆಯಾದರೂ ಬರುತ್ತಿತ್ತು.

ಈಗ ಚಿಕ್ಕಮ್ಮನ ವಿಷಯ. ಅಮ್ಮನ ಬೆನ್ನಿಗೆ ಹುಟ್ಟಿದ ತಂಗಿ, ಎರಡು ಗಂಟೆ ದಾರಿಯ ಊರಿನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ, ಕಾಲು ಸೋತು ಮಂಚ ಹಿಡಿದು ಎರಡು ವರ್ಷ. ಅಕ್ಕತಂಗಿಯರ ತಾತ ಪದ್ಯ ಕಟ್ಟುತ್ತಿದ್ದ ಮನುಷ್ಯ. ಸಾಲಿನ ಪೂರ್ವಾರ್ಧ ತಂಗಿಗೆ, ಉತ್ತರಾರ್ಧ ಅಕ್ಕನಿಗೆ ಎಂದು ಹಂಚಿ, ಎದುರುಬದುರು ಕೂರಿಸಿ ಬಾಯಿಪಾಠ ಮಾಡಿಸಿದ್ದ. ಎಪ್ಪತ್ತು ವರ್ಷದಿಂದ ಆ ಹಂಚಿಕೆ ಬದಲಾಗಿಲ್ಲ. ಒಬ್ಬಳಿಗೆ ಇನ್ನೊಬ್ಬಳ ಅರ್ಧ ಗೊತ್ತಿಲ್ಲವೆಂದಲ್ಲ. ಹೇಳಬಾರದು, ಅದು ಅವಳ ಪಾಲು. ದಿನಾ ಬೆಳಿಗ್ಗೆ ಫೋನಿನಲ್ಲಿ ಒಂದಿಷ್ಟು ಪದ್ಯ ಆಗಬೇಕು, ಆಮೇಲೇ ತಿಂಡಿ. ಪಕ್ಕದ ಕೋಣೆಯಲ್ಲಿ ಮೇಣ ಕೆರೆಯುತ್ತ ಗಡಿಬಿಡಿ ಅದನ್ನು ಕೇಳುತ್ತ ಬೆಳೆದವನು, ಕೇಳುತ್ತಲೇ ಮುದುಕನಾಗುತ್ತಿದ್ದವನು. ಪದ್ಯ ನಡೆಯುವಷ್ಟು ಹೊತ್ತು ಮಾತ್ರ ಅವನ ಕೈ ಸಮಾಧಾನವಾಗಿ ಓಡುತ್ತಿತ್ತು.

ಇತ್ತೀಚೆಗೆ ಚಿಕ್ಕಮ್ಮನ ಕಿವಿ ಹೋಗುತ್ತಿತ್ತು. ಒಂದು ಪೂರಾ ಮುಚ್ಚಿತ್ತು, ಇನ್ನೊಂದರಲ್ಲಿ ಚೂರು ಉಳಿದಿತ್ತು. ಫೋನಿನ ಮಾತು ಅದಕ್ಕೆ ದಕ್ಕುತ್ತಿರಲಿಲ್ಲ. ಬಾಯಿ ಕಿವಿಗೆ ತಾಗಿಸಿ ಹೇಳಿದರೆ ಈಗಲೂ ಕೇಳುತ್ತದೆ, ಮಳೆಗಾಲದೊಳಗೆ ಅದೂ ಹೋಗಬಹುದು ಎಂದು ಅಲ್ಲಿಯ ಸೊಸೆ ಹೇಳಿದ್ದಳು. ಆದರೂ ಚಿಕ್ಕಮ್ಮ ಬೆಳಿಗ್ಗೆ ಫೋನ್ ಹಿಡಿಯುವುದು ಬಿಡಲಿಲ್ಲ. ತನ್ನ ಅರ್ಧ ಹೇಳುತ್ತಾಳೆ: “ತೊರೆಯ ದಾಟುವ ಮುನ್ನ ತೆಪ್ಪವನು ನಂಬು.” ಇತ್ತ ಅಮ್ಮ ತನ್ನ ಅರ್ಧ ಹೇಳುತ್ತಾಳೆ. ಅತ್ತ ಸ್ವಲ್ಪ ಹೊತ್ತು ಮೌನ. ಮತ್ತೆ ಅದೇ: “ತೊರೆಯ ದಾಟುವ ಮುನ್ನ...” ಅಮ್ಮ ಗಟ್ಟಿಯಾಗಿ ಹೇಳುತ್ತಾಳೆ, ಇನ್ನೂ ಗಟ್ಟಿಯಾಗಿ, ಕೊನೆಗೆ ಬೆನ್ನು ಹಿಡಿದುಕೊಂಡು ಫೋನ್ ಇಡುತ್ತಾಳೆ. ಆವತ್ತಿನ ತಿಂಡಿ ತಟ್ಟೆಯಲ್ಲೇ ಆರುತ್ತದೆ.

ಅಮ್ಮನನ್ನು ಅಲ್ಲಿಗೆ ಕರೆದೊಯ್ಯಬೇಕು. ಮಾತು ಇಷ್ಟೇ. ಬಾಡಿಗೆ ಕಾರು ತರಿಸಿ ನೋಡಿದ್ದಾಯಿತು. ಈಗಿನ ಕಾರುಗಳ ಸೀಟು ನೆಲಕ್ಕಂಟಿದ ಹಾಗಿರುತ್ತದೆ. ಅದರೊಳಗೆ ಇಳಿಯಲು ಅಮ್ಮ ಬಗ್ಗಿದ್ದೇ ತಡ, ಮುಖ ಬಿಳಿಚಿಕೊಂಡು ಹಿಂದಕ್ಕೆ ಸರಿದಳು. ಬಗ್ಗದೆ ಹತ್ತಿ, ಕುರ್ಚಿಯಲ್ಲಿ ಕೂತ ಹಾಗೆ ಕೂರಬಹುದಾದ ಸೀಟು ಇದ್ದದ್ದು ಒಂದೇ ಕಾರಿನಲ್ಲಿ. ಅದು ಅವನ ಅಪ್ಪ ಬಿಟ್ಟುಹೋದ, ಅವನಿಗಿಂತ ಎರಡೇ ವರ್ಷ ಚಿಕ್ಕದಾದ, ಉಬ್ಬುಬೆನ್ನಿನ ಹಳೆಯ ಕಾರು. ಅತ್ತ ಇತ್ತ ತೂಗಾಡಿಕೊಂಡು ನಡೆಯುತ್ತಿದ್ದುದರಿಂದ ಅಪ್ಪ ಅದಕ್ಕೆ ಬಾತುಕೋಳಿ ಎಂದು ಹೆಸರಿಟ್ಟಿದ್ದ. ಹೋದ ಕಾಲದ ಕಾರು, ಸೀಟೆಂದರೆ ಸಿಂಹಾಸನ. ಆದರೆ ಅಮ್ಮನ ಬೆನ್ನು ಮುರಿದದ್ದೂ ಅದೇ ಸಿಂಹಾಸನದ ಮೇಲೆ.

ತಪ್ಪು ತನ್ನದೋ ಕಾರಿನದೋ ಎಂದು ಗಡಿಬಿಡಿ ಒಂದು ವಾರ ತನ್ನೊಳಗೇ ವಕೀಲಿ ಮಾಡಿದ. ಕೊನೆಗೆ, ತನ್ನನ್ನು ರಿಪೇರಿ ಮಾಡುವುದಕ್ಕಿಂತ ಕಾರನ್ನು ರಿಪೇರಿ ಮಾಡುವುದು ಸುಲಭ ಎಂದು ತೀರ್ಮಾನಿಸಿದ.

ಕಾರಿನ ಹಿಂಭಾಗವನ್ನು ಹೊತ್ತಿದ್ದು ಪಟ್ಟಿ ಸ್ಪ್ರಿಂಗುಗಳು, ಒಂದೊಂದು ಬದಿಗೂ ಏಳೇಳು ಉಕ್ಕಿನ ಪಟ್ಟಿ ಒಂದರ ಮೇಲೊಂದು ಪೇರಿಸಿದ್ದು. ತುಕ್ಕು ಹಿಡಿದು, ನೀರಿಗೆ ಬಿದ್ದ ಪುಸ್ತಕದ ಹಾಳೆಗಳ ಹಾಗೆ ಅಂಟಿಕೊಂಡು, ಅವು ಸ್ಪ್ರಿಂಗಾಗಿ ಉಳಿದಿರಲಿಲ್ಲ. ಬರೀ ಕಬ್ಬಿಣದ ದಿಮ್ಮಿ. ಹಳೆ ಕಾರುಗಳಿಗೆಂದೇ ಈಗ ಹೊಸ ಬಗೆಯವು ಬಂದಿವೆ ಎಂದು ಓದಿ ತರಿಸಿದ: ಏಳರ ಬದಲು ಮೂರೇ ಪಟ್ಟಿ, ತುದಿಗೆ ಹೋದಂತೆ ತೆಳ್ಳಗೆ, ಒಂದಕ್ಕೊಂದು ತಾಗದ ಹಾಗೆ ನಡುವೆ ಸಂದು. ಜೊತೆಗೆ ನಾಲ್ಕು ಹೊಸ ಶಾಕ್ ಅಬ್ಸಾರ್ಬರು. ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಪೆಟ್ಟಿಗೆ ಬಂದ ದಿನ ಅಲ್ಲಿಂದಲೇ ಫೋನ್ ಮಾಡಿ, “ನಿಮ್ಮ ಹೆಸರಿಗೆ ಒಂದು ರೈಲುಹಳಿ ಬಂದಿದೆ ರೀ, ಹೊತ್ತುಕೊಂಡು ಹೋಗೋಕೆ ಇಬ್ಬರನ್ನ ಕರ್ಕೊಂಡು ಬನ್ನಿ” ಎಂದಳು.

ಗುರುವಾರ ಬೆಳಿಗ್ಗೆ ಕೆಲಸ ಶುರು. ಕಾರಿನ ಶೆಡ್ಡು ಅಡಿಗೆಮನೆಯ ಕಿಟಕಿಗೆ ಎದುರೇ, ನಡುವೆ ಆರು ಹೆಜ್ಜೆ ಅಂಗಳ. ಅಮ್ಮನ ಕುರ್ಚಿಗೆ ಎಲ್ಲ ಕಾಣುತ್ತದೆ, ಎಲ್ಲ ಕೇಳುತ್ತದೆ. ಮುಂದಿನ ಚಕ್ರಗಳಿಗೆ ಮರದ ದಿಮ್ಮಿ ಅಡ್ಡ ಕೊಟ್ಟು, ಜಾಕಿನಿಂದ ಹಿಂಭಾಗ ಎತ್ತಿ, ಎರಡು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರ ಬಿಚ್ಚಿದ. ಬಾತುಕೋಳಿ ಕಾಲು ಜೋಲು ಬಿಟ್ಟುಕೊಂಡು ಗಾಳಿಯಲ್ಲಿ ನಿಂತಿತು. ಹಳೆಯ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಬೇಕು ಎಂದು ಅವನಿಗೂ ಗೊತ್ತು. ಅರ್ಧ ಗಂಟೆ ಬಿಟ್ಟ. ಆಮೇಲೆ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಮೈಭಾರ ಬಿಟ್ಟು ಎಳೆದ. ಎರಡು ಬಿಚ್ಚಿದವು, ಮೂರನೆಯದು ತುಂಡಾಯಿತು, ನಾಲ್ಕನೆಯದು ಅವನ ಗೆಣ್ಣಿನ ಚರ್ಮ ತೆಗೆದುಕೊಂಡು ಬಂತು. ಕಿಟಕಿಯಿಂದ ಅಮ್ಮ, ಬ್ಯಾಂಡೇಜು ಎರಡನೇ ಗೂಡಲ್ಲಿದೆ ಎಂದು ಮಾತ್ರ ಹೇಳಿದಳು.

ಸ್ಪ್ರಿಂಗುಗಳ ಜೊತೆ ಒಂದು ಸೂಚನೆಯ ಕಾಗದ ಬಂದಿತ್ತು. ಎರಡು ಪುಟ, ಅಚ್ಚುಕಟ್ಟಾದ ಚಿತ್ರಗಳು. ಮೊದಲ ಪುಟ ನೋಡಿದ, ಚಿತ್ರದಲ್ಲಿ ಗೊತ್ತಿಲ್ಲದ್ದೇನೂ ಕಾಣಲಿಲ್ಲ. ಬೋಲ್ಟು ನಟ್ಟುಗಳು ನೆಲದಲ್ಲಿ ಉರುಳದಿರಲೆಂದು ಕಾಗದವನ್ನು ಅವುಗಳ ಕೆಳಗೆ ಹಾಸಿದ, ಎಣ್ಣೆ ಡಬ್ಬಿಯನ್ನೂ ಅದರ ಮೇಲೇ ಇಟ್ಟ.

ಶುಕ್ರವಾರ ಸಂಜೆಯೊಳಗೆ ಹೊಸ ಪಟ್ಟಿಗಳು ಏರಿದವು. ಪಟ್ಟಿಯ ಎರಡೂ ತುದಿ ಸುರುಳಿಯಾಗಿ ಕಣ್ಣಿನ ಹಾಗಿರುತ್ತದೆ. ಅದರೊಳಗೆ ರಬ್ಬರಿನ ಬುಶ್, ಬುಶ್‌ನೊಳಗೆ ಬೋಲ್ಟು. ಹಿಂದಿನ ತುದಿಯನ್ನು ಕಾರಿಗೆ ತೂಗುಹಾಕುವ ಕೊಂಡಿಗೆ ಇನ್ನೊಂದು; ಎರಡೂ ಬದಿ ಸೇರಿ ಅಂಥ ಬೋಲ್ಟು ಆರು. ಆರನ್ನೂ, ಕಾರು ಇನ್ನೂ ಗಾಳಿಯಲ್ಲಿ ನಿಂತಿರುವಾಗಲೇ, ಕಾಲು ಒದೆಕೊಟ್ಟು, ಹಲ್ಲು ಕಚ್ಚಿ, ಇನ್ನು ಒಂದು ನೂಲೂ ತಿರುಗದು ಅನ್ನುವಷ್ಟು ಬಿಗಿದ. ಆಮೇಲೆ ಚಕ್ರ ತೊಡಿಸಿ, ಜಾಕ್ ಇಳಿಸಿದ.

ಬಾತುಕೋಳಿ ಪೂರ್ತಿ ಇಳಿಯಲಿಲ್ಲ. ಹಿಂಭಾಗ ನಾಲ್ಕು ಬೆರಳು ಮೇಲೇ ನಿಂತಿತು, ತುದಿಗಾಲಲ್ಲಿ ನಿಂತು ಬೇಲಿಯಾಚೆ ಇಣುಕುವವರ ಹಾಗೆ. ಹೊಸದಲ್ಲವೇ, ಓಡಿದಂತೆ ಕೂತುಕೊಳ್ಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಪರೀಕ್ಷೆಗೆ ಅವನದೇ ಒಂದು ಉಪಾಯವಿತ್ತು. ಹಲ್ಲಿನ ಕೋಣೆಯಲ್ಲಿ, ಮೇಲಿನ ದವಡೆ ಕೆಳಗಿನ ದವಡೆ ಎರಡನ್ನೂ ಕೀಲಿಗೆ ಸಿಕ್ಕಿಸಿ ಬಾಯಿ ತೆರೆದು ಮುಚ್ಚಿ ನೋಡುವ ಒಂದು ಹಿತ್ತಾಳೆಯ ಚೌಕಟ್ಟು ಇರುತ್ತದೆ. ಅದಕ್ಕೊಂದು ಹಳೆಯ ಹಲ್ಲಿನ ಸೆಟ್ಟು ತೊಡಿಸಿ, ಹಿಂದಿನ ಸೀಟಿನಲ್ಲಿ, ಅಮ್ಮ ಕೂರುವ ಜಾಗದಲ್ಲಿ ಇಟ್ಟ. ಕಾರು ಕುಲುಕಿದರೆ ಹಲ್ಲು ಕಟಕಟಿಸಬೇಕು. ಹಳೆ ಸ್ಪ್ರಿಂಗಿನಲ್ಲಿ ಬೀದಿ ಸುತ್ತಿ ಬಂದಾಗ ಎಣಿಸಿಟ್ಟಿದ್ದ: ಹದಿನೇಳು ಕಟಕಟ. ಶನಿವಾರ ಬೆಳಿಗ್ಗೆ ಹೊಸ ಸ್ಪ್ರಿಂಗಿನಲ್ಲಿ ಹೊರಟ. ಮನೆ ಗೇಟು ದಾಟುವಷ್ಟರಲ್ಲೇ ಐದಾಯಿತು. ಅಂಚೆ ಡಬ್ಬಿಯ ತಿರುವಿನಲ್ಲಿ, ಕುಸಿದ ಮುಚ್ಚಳವನ್ನು ಆಮೆಯ ವೇಗದಲ್ಲಿ ದಾಟಿದರೂ, ಸೆಟ್ಟು ಸೀಟಿನಿಂದ ಎಗರಿ ಕೆಳಗೆ ಬಿದ್ದು, ಮನೆ ತಲುಪುವವರೆಗೂ ನೆಲದ ಮೇಲೆ ಬಾಯಿ ಬಡಿದುಕೊಳ್ಳುತ್ತಲೇ ಇತ್ತು. ಸಾಲದ್ದಕ್ಕೆ ಹಿಂದಿನಿಂದ ಒಂದು ಹೊಸ ಸದ್ದು, ಒಣಗಿದ ಬಾಗಿಲಿನ ಹಾಗೆ ಕಿರ್ರೋ ಕಿರ್ರೋ.

ಆ ದಿನವಿಡೀ ಅವನು ಮಾಡದ ಪ್ರಯೋಗವಿಲ್ಲ. ಟೈರಿನ ಗಾಳಿ ಇಳಿಸಿದ. ಡಿಕ್ಕಿಯೊಳಗೆ ಪ್ಲಾಸ್ಟರಿನ ಎರಡು ಮೂಟೆ ಹೇರಿದ. ಶಾಕ್ ಬಿಚ್ಚಿ ಕೈಯಲ್ಲಿ ಒತ್ತಿ ನೋಡಿ ಮತ್ತೆ ತೊಡಿಸಿದ. ಒಂದೊಂದಕ್ಕೂ ಬೀದಿ ಸುತ್ತು, ಒಂದೊಂದು ಸುತ್ತಿಗೂ ಎಣಿಕೆ: ಇಪ್ಪತ್ತಾರು, ಇಪ್ಪತ್ನಾಲ್ಕು, ಇಪ್ಪತ್ತೊಂಬತ್ತು. ನಡುವೆ ಒಳಗೆ ಬಂದು ಲೋಟ ನೀರು ತೆಗೆದುಕೊಂಡು, ಅರ್ಧ ಕುಡಿದು, ಎಲ್ಲಿಟ್ಟೆ ಎಂದು ಮರೆತು ಇನ್ನೊಂದು ಲೋಟ ತೆಗೆದುಕೊಳ್ಳುವುದು. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಅರ್ಧ ತುಂಬಿದ ಏಳು ಲೋಟಗಳಿದ್ದವು. ತುರ್ತಾಗಿ ಕೊಡಬೇಕಿದ್ದ ಒಂದು ಸೆಟ್ಟಿನ ಮೇಣ ಒಲೆಯ ಮೇಲೆ ಸೀದುಹೋಯಿತು. ಬೀದಿಯವರು ಮೊದಲ ನಾಲ್ಕು ಸುತ್ತಿಗೆ ಕೈ ಬೀಸಿದರು, ಆಮೇಲೆ ಕಿಟಕಿ ಹಾಕಿಕೊಂಡರು.

ಸಂಜೆ ಹೆಂಡತಿಯ ಹತ್ತಿರ, ಸ್ಪ್ರಿಂಗಿನವರು ಲಾರಿಯದ್ದು ಕಳಿಸಿದ್ದಾರೆ, ವಾಪಸು ಕಟ್ಟಿ ಕೊಡುತ್ತೇನೆ, ನಾಳೆಯೇ ರವಾನೆ ಮಾಡು ಎಂದ. ನಾಳೆ ಭಾನುವಾರ ಎಂದಳು. ಹಾಗಾದರೆ ಒಂದು ಪಟ್ಟಿ ಕಿತ್ತುಹಾಕುತ್ತೇನೆ, ಮೂರರ ಬದಲು ಎರಡಿರಲಿ ಎಂದ. ಅವಳು ಕೇಳಿದಳು:

“ನಿಮ್ಮ ಹತ್ರ ಹಲ್ಲು ಕಟ್ಟಿಸ್ಕೊಂಡವರು ನೋವಾಗುತ್ತೆ ಅಂದ್ರೆ ಒಂದು ಹಲ್ಲು ಕಿತ್ತು ಕಳಿಸ್ತೀರೇನು?”

ಅವನು ಶೆಡ್ಡಿಗೆ ಹೋದ. ಹೋದವನು ಕತ್ತಲಾಗುವವರೆಗೆ ಏನೂ ಮಾಡದೆ, ಕಾರಿನ ಹಿಂದಿನ ಮೂಲೆಯನ್ನು ಎರಡೂ ಕೈಯಿಂದ ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು. ಒಳ್ಳೆಯ ಸ್ಪ್ರಿಂಗಾದರೆ ಒತ್ತಿ ಬಿಟ್ಟಾಗ ಒಮ್ಮೆ ಏಳಬೇಕು, ಒಮ್ಮೆ ಕೂರಬೇಕು. ಇದು ಒತ್ತಿದರೆ ಕಿರ್ರ್ ಎಂದು ಮುನಿಯುತ್ತಿತ್ತು, ಬಿಟ್ಟರೆ ಸಟಕ್ಕನೆ ಎದ್ದು ಕೈ ಕೊಡವಿಬಿಡುತ್ತಿತ್ತು.

ಭಾನುವಾರ ಬೆಳಿಗ್ಗೆ ಫೋನ್ ಬಂತು. ಅಮ್ಮ ತೆಗೆದುಕೊಂಡಳು. ಅತ್ತಲಿಂದ ಚಿಕ್ಕಮ್ಮನ ದನಿ, ತಾನೇ ಕೇಳಿಸಿಕೊಳ್ಳಲಾರದವರ ದನಿ ಇರುವ ಹಾಗೆ, ತುಂಬ ಜೋರಾಗಿ, ತಾಳ ತಪ್ಪಿ. ತೊರೆಯ ದಾಟುವ ಮುನ್ನ ತೆಪ್ಪವನು ನಂಬು. ಅಮ್ಮ ಉತ್ತರಾರ್ಧ ಹೇಳಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಈ ಸಲ ಹೇಳಲಿಲ್ಲ. ಅತ್ತಲಿನ ಮೌನ ಮುಗಿದು, ಅದೇ ಸಾಲು ಎರಡನೇ ಸಲ ಬಂತು, ಮೂರನೇ ಸಲ ಬಂತು. ಆಮೇಲೆ ಸೊಸೆ ಫೋನ್ ಇಸಿದುಕೊಂಡು, ನಾಳೆ ಮಾಡಿಸುತ್ತೇನೆ ದೊಡ್ಡತ್ತೆ ಎಂದಳು.

ಗಡಿಬಿಡಿ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಸ್ಪ್ಯಾನರು ಗಿರಗಿರ ತಿರುಗುತ್ತಿತ್ತು.

“ಅದನ್ನ ಕೆಳಗಿಡು,” ಎಂದಳು ಅಮ್ಮ.

ಇಟ್ಟ.

“ನಿನ್ನ ಕಾರು ನಿನ್ನೆಯಿಂದ ನರಳೋದು ಕೇಳ್ತಿದೀನಿ. ನೋವಿರೋರು ಮೈ ಬಿಗಿಹಿಡ್ಕೊಂಡು ಕೂರ್ತಾರಲ್ಲ, ಆ ನರಳಾಟ. ನನಗೆ ಗೊತ್ತಿಲ್ದೇ ಇರುತ್ತಾ ಅದು? ಅದಕ್ಕೆ ಸಡಿಲ ಆಗೋಕೇ ಆಗ್ತಿಲ್ಲ.”

ಎಲ್ಲ ಹೊಸದು ಹಾಕಿದ್ದೇನೆ, ಎಲ್ಲಿಯೂ ತಪ್ಪಿಲ್ಲ, ಒಂದೊಂದು ಬೋಲ್ಟೂ ಬಿಗಿಯಾಗಿದೆ ಎಂದು ಅವನು ಶುರು ಮಾಡಿದ. ಅಮ್ಮ ಕೈ ಎತ್ತಿ ತಡೆದಳು.

“ಬಿಗಿಯುವಾಗ ಅದು ಹೇಗಿತ್ತು? ನೆಲದ ಮೇಲಿತ್ತೋ, ಗಾಳೀಲಿತ್ತೋ?”

“ಗಾಳೀಲಿ. ಚಕ್ರ ಬಿಚ್ಚಿತ್ತಲ್ಲ.”

ನಾಲ್ಕು ತಿಂಗಳಲ್ಲಿ ಮೊದಲ ಸಲ ಅಮ್ಮನ ತುಟಿಯ ಒಂದು ಮೂಲೆ ಅಲುಗಿತು.

“ನನ್ನ ಮೊದಲನೇ ಸೆಟ್ಟು ಜ್ಞಾಪಕ ಇದೆಯೇನೋ, ಗಡಿಬಿಡಿ?”

ಆ ಕಥೆಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹದಿನೈದು ವರ್ಷದ ಹಿಂದೆ ಅಮ್ಮನಿಗೆ ಅವನೇ ಹಲ್ಲು ಕಟ್ಟಿದ್ದ. ಅಳತೆ ತೆಗೆಯುವಾಗ ಬಾಯಿ ಮುಚ್ಚಿಸಿ, ಕಚ್ಚಿಸಿ, ದವಡೆ ತನ್ನ ಜಾಗಕ್ಕೆ ಬಂದು ಕೂರುವವರೆಗೆ ಕಾದು ನೋಡಬೇಕು. ಅದು ಆ ಕಸುಬಿನ ಮೊದಲ ಪಾಠ. ಸ್ವಂತ ಅಮ್ಮನ ಬಾಯಿ, ಗೊತ್ತಿಲ್ಲದ್ದೇನು ಎಂದು ಅವನು ಬಾಯಿ ಅರೆತೆರೆದಿದ್ದಾಗಲೇ ಅಳತೆ ಹಿಡಿದುಬಿಟ್ಟ. ಹಲ್ಲು ಮುತ್ತಿನ ಹಾಗೆ ಬಂದವು, ಆದರೆ ಬೆರಳಗಲ ಎತ್ತರ. ಹತ್ತು ದಿನ ಅಮ್ಮನ ತುಟಿಗೆ ತುಟಿ ಸೇರಲಿಲ್ಲ. ಪ ಬ ಮ ಅನ್ನುವ ಅಕ್ಷರವೇ ಅವಳ ಪಾಲಿಗೆ ಇಲ್ಲವಾಗಿ, ತಂಗಿಗೆ ಫೋನಿನಲ್ಲಿ ಪದ್ಯ ಹೇಳಿದರೆ ಆಕೆ, ಯಾರೋ ತಪ್ಪು ನಂಬರಿನವರು ಎಂದು ಇಟ್ಟುಬಿಟ್ಟಿದ್ದಳು.

ಅವನು ಅಂಗಳಕ್ಕೆ ಓಡಿದ. ಶೆಡ್ಡಿನ ನೆಲದಲ್ಲಿ ಎಣ್ಣೆ ಡಬ್ಬಿಯ ಕೆಳಗಿದ್ದ ಕಾಗದ ಎಳೆದ. ಎಣ್ಣೆ ಕುಡಿದು ಅದು ಗಾಜಿನಂತಾಗಿತ್ತು, ಒಂದು ಬದಿಯ ಅಕ್ಷರ ಇನ್ನೊಂದು ಬದಿಗೆ ಇಣುಕುತ್ತಿತ್ತು. ಎರಡನೆಯ ಪುಟದ ಕೊನೆಯ ಸಾಲನ್ನು ಬೆಳಕಿಗೆ ಹಿಡಿದು ಓದಿದ. ಬುಶ್‌ಗಳ ಬೋಲ್ಟನ್ನು ಕೊನೆಯಲ್ಲಿ, ವಾಹನ ತನ್ನ ಚಕ್ರಗಳ ಮೇಲೆ ನಿಂತು, ಎಂದಿನ ಭಾರ ಬಿದ್ದ ಮೇಲೆ ಮಾತ್ರ ಬಿಗಿಯತಕ್ಕದ್ದು. ಕಾರು ಜೋತುಬಿದ್ದಿದ್ದಾಗಲೇ ಬಿಗಿದರೆ ರಬ್ಬರು ಆ ಭಂಗಿಯನ್ನೇ ಹಿಡಿದುಕೊಂಡುಬಿಡುತ್ತದೆ. ಇಳಿಸಿದಾಗ ತಿರುಚಿಕೊಂಡು, ಹಲ್ಲು ಕಚ್ಚಿ, ಕೆಳಗಿಳಿಯಲಾರೆ ಎಂದು ಹಟ ಹಿಡಿಯುತ್ತದೆ.

ಮತ್ತೆ ಒಳಗೆ ಬಂದು, ಅರ್ಧ ಗಂಟೆಯ ಕೆಲಸ, ಬೋಲ್ಟು ಸಡಿಲಿಸಿ, ಡಿಕ್ಕಿಯಲ್ಲಿ ಮೂಟೆ ಇದ್ದೇ ಇದೆ, ಭಾರಕ್ಕೆ ಅದೇ ಸಾಕು, ಬಿಗಿದುಬಿಡುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದ. ಅಮ್ಮ ಕುರ್ಚಿಯ ಕೈ ಹಿಡಿದು, ಸೊಂಟದ ಪಟ್ಟಿ ಸರಿಮಾಡಿಕೊಂಡು, ನಿಧಾನಕ್ಕೆ ಎದ್ದು ನಿಂತಳು.

“ಮೂಟೆ ಊರಿಗೆ ಹೋಗ್ತದೇನು? ನನ್ನ ಭಾರಕ್ಕೆ ತಾನೇ ಬಿಗಿಯೋದು. ನಾನೇ ಕೂರ್ತೀನಿ.”

ಹೆಂಡತಿ ಒಂದು ಕೈ ಹಿಡಿದಳು. ಇನ್ನೊಂದನ್ನು ಹಿಡಿಯಲು ಗಡಿಬಿಡಿ ಮುಂದೆ ಬಂದ, ಎಣ್ಣೆ ಕೈ ನೋಡಿ ಹಿಂದೆ ಸರಿದ, ಮತ್ತೆ ಮುಂದೆ ಬಂದ. ಬರೋದಾದ್ರೆ ಬಾ, ಹೋಗೋದಾದ್ರೆ ಹೋಗು ಎಂದು ಅಮ್ಮ ಅವನ ತೋಳನ್ನೇ ಹಿಡಿದಳು. ಮೂರು ಮೆಟ್ಟಿಲು, ಆರು ಹೆಜ್ಜೆ ಅಂಗಳ. ಬಾತುಕೋಳಿಯ ಬಾಗಿಲು ತೆರೆಯಿತು. ಅಮ್ಮ ಬಗ್ಗದೆ, ಸೀಟಿಗೆ ಬೆನ್ನು ತೋರಿಸಿ ಕೂತು, ಆಮೇಲೆ ಒಂದೊಂದೇ ಕಾಲು ಒಳಗೆ ಎತ್ತಿಟ್ಟಳು. ಪಕ್ಕದಲ್ಲಿದ್ದ ಹಲ್ಲಿನ ಸೆಟ್ಟನ್ನು ನೋಡಿ, ಇವರಾರು ನನಗಿಂತ ಮೊದಲೇ ಬಂದು ಕೂತವರು ಎಂದು ಕೇಳಿದಳು. ಹೆಂಡತಿ ಆಚೆ ಬದಿಯಿಂದ ಹತ್ತಿ, ಸೆಟ್ಟನ್ನು ಇಬ್ಬರ ನಡುವೆ ಇಟ್ಟುಕೊಂಡಳು. ಡ್ರೈವರಿನ ಸೀಟಿಗೆ, ಅವನ ತೂಕದ ಬದಲಿಗೆ, ಪ್ಲಾಸ್ಟರಿನ ಎರಡೂ ಮೂಟೆ ಬಂದವು.

ಆ ಕಾಲದ ಕಾರಿನ ಹೊಟ್ಟೆ ನೆಲದಿಂದ ಎತ್ತರ; ಬೆನ್ನ ಮೇಲೆ ಜಾರಿದರೆ ಒಬ್ಬ ಮನುಷ್ಯ ತೂರಬಹುದು. ತೂರಿದ ಮೇಲೆ ಮಾತ್ರ ಕೈ ಆಡಿಸಲು ಜಾಗವಿದೆ, ಹೊರಳಲು ಇಲ್ಲ. ಗಡಿಬಿಡಿ ಒಳಗೆ ಸರಿದ. ಮೂಗಿನಿಂದ ಒಂದು ಗೇಣಿಗೆ ಕಾರಿನ ತಳ, ಅದರ ಮೇಲೆ ಅಮ್ಮ. ಮೊದಲ ಬೋಲ್ಟಿಗೆ ಸ್ಪ್ಯಾನರು ಕೊಟ್ಟು ಸಡಿಲಿಸಿದ. ರಬ್ಬರು ಒಂದು ನಿಟ್ಟುಸಿರು ಬಿಟ್ಟಿತು. ಎರಡನೆಯದು, ಮೂರನೆಯದು. ಆರನೆಯದು ಸಡಿಲವಾದಾಗ ಕಾರಿನ ಹಿಂಭಾಗ, ಮೆಲ್ಲಗೆ, ನಾಲ್ಕು ಬೆರಳು ಕೆಳಗಿಳಿಯಿತು. ಮೇಲಿನಿಂದ ಅಮ್ಮ ಹಾಂ ಎಂದಳು. ತಕ್ಷಣ ಬಿಗಿಯಲು ಅವನು ಸ್ಪ್ಯಾನರು ತಿರುಗಿಸಿ ಹಿಡಿದ.

“ಈಗಲೇ ಬಿಗೀಬೇಡ,” ಎಂದು ಮೇಲಿನಿಂದ ದನಿ ಬಂತು. “ಭಾರ ಕೂರಲಿ. ನಾನು ಹೇಳ್ತೀನಿ.”

ಎಷ್ಟು ಹೊತ್ತು ಎಂದು ಕೇಳಿದ. ಅಮ್ಮ ಪದ್ಯ ಎತ್ತಿಕೊಂಡಳು. ತನ್ನ ಪಾಲಿನದು ಮಾತ್ರ. ಪೂರ್ವಾರ್ಧದ ಜಾಗ ಬಂದಾಗ ಅಷ್ಟೇ ಹೊತ್ತು ಸುಮ್ಮನಿರುವುದು, ತನ್ನ ಅರ್ಧ ಬಂದಾಗ ಹೇಳುವುದು. ದನಿ ಸೀಟಿನ ಮೂಲಕ, ತಗಡಿನ ಮೂಲಕ, ಪಟ್ಟಿಗಳ ಮೂಲಕ ಇಳಿದು ಅವನ ಎದೆಯ ಮೇಲೆ ಬೀಳುತ್ತಿತ್ತು. ಅವನ ಕಾಲು ತಾನಾಗಿ ಕುಣಿಯಿತು, ನಿಲ್ಲಿಸಿದ. ಬೆರಳು ಸ್ಪ್ಯಾನರಿನ ಮೇಲೆ ಬಡಿಯಿತು, ನಿಲ್ಲಿಸಿದ. ಕಣ್ಣಿಗೆ ತುಕ್ಕಿನ ಪುಡಿ ಬಿತ್ತು. ಒರೆಸಿಕೊಳ್ಳಲು ಕೈ ಬರುವಂತಿರಲಿಲ್ಲ, ಹಾಗೇ ಮಲಗಿದ. ಮೌನದ ಜಾಗಗಳಲ್ಲಿ ಚಿಕ್ಕಮ್ಮನ ಸಾಲು ಅವನಿಗೆ ಕೇಳಿಸುತ್ತಿತ್ತು, ಆದರೆ ಅದು ಅವನ ಪಾಲಲ್ಲ. ಎಷ್ಟು ಪದ್ಯವಾಯಿತೋ. ಮಂಗಳವಾರದ ಮಾತು ಅವನ ಬಾಯಿಗೆ ಬಂತು.

“ಅಮ್ಮ, ಅವತ್ತು ನಾನು ಮುಚ್ಚಳ ನೋಡಿದ್ದೆ.”

ಪದ್ಯ ನಿಂತಿತು. ಹೆಂಡತಿಯ ಕಡೆಯ ಸೀಟು ಒಮ್ಮೆ ಕಿರಗುಟ್ಟಿತು.

“ನನಗೂ ಕಾಣ್ತು,” ಎಂದಳು ಅಮ್ಮ. “ಕಣ್ಣಿಗೆ ಔಷಧಿ ಬಿಟ್ಟಿದ್ರೂ ಕಾಣ್ತು. ನಿಧಾನ ಅನ್ನಬೇಕು ಅಂದ್ಕೊಂಡೆ. ಅನ್ನೋಷ್ಟರಲ್ಲಿ ನೀನು ದಾಟಿಬಿಟ್ಟಿದ್ದೆ.” ಒಂದಿಷ್ಟು ಹೊತ್ತು ಬಿಟ್ಟು, “ಈಗ ಬಿಗಿ. ಒಂದೊಂದೇ,” ಎಂದಳು.

ಒಂದೊಂದೇ ಬಿಗಿದ. ಪೈಪು ಸಿಕ್ಕಿಸಲಿಲ್ಲ, ಕಾಲು ಒದೆಕೊಡಲಿಲ್ಲ. ಆರೂ ಮುಗಿಸಿ ಹೊರಗೆ ಜಾರಿ ಬಂದು ಹಿಂದಿನ ಮೂಲೆಯನ್ನು ಒತ್ತಿ ಬಿಟ್ಟ. ಒಮ್ಮೆ ಎದ್ದಿತು, ಒಮ್ಮೆ ಕೂತಿತು. ಕಿರ್ರೆನ್ನಲಿಲ್ಲ.

ಇನ್ನು ಇಳಿಸುತ್ತೇನೆ, ಬೀದಿಯಲ್ಲಿ ನಾಲ್ಕು ಸುತ್ತು ಹಾಕಿ ನೋಡಿ, ನಾಳೆಯೋ ನಾಡಿದ್ದೋ ಹೊರಡೋಣ ಎಂದು ಅವನು ಬಾಗಿಲು ತೆರೆದ. ಅಮ್ಮ ಕಾಲು ಕದಲಿಸಲಿಲ್ಲ.

“ಇಳಿದು ಮತ್ತೆ ಹತ್ತೋಕೆ ನನ್ನ ಬೆನ್ನೇನು ಬಾಡಿಗೆಗೆ ತಂದದ್ದೇ? ಕೈ ತೊಳ್ಕೊಂಡು ಬಾ. ಹೋಗೋಣ.”

ಹುಟ್ಟಾ ಅವಸರದವನು ಅಂದು ಮೊದಲ ಸಲ ಅವಸರ ಬೇಡ ಎಂದು ವಾದಿಸಿದ. ಮನೆಯಲ್ಲಿ ಇದ್ದ ಇಬ್ಬರೂ ಅವನ ಮಾತು ಕೇಳಲಿಲ್ಲ. ಹೆಂಡತಿ ಮನೆ ಬಾಗಿಲು ಹಾಕಿ, ನೀರಿನ ಬಾಟಲಿ, ಅಮ್ಮನ ಮಾತ್ರೆ, ಒಂದು ದಿಂಬು ತಂದಳು. ಮೂಟೆ ಇಳಿದವು. ಜಾಕು, ಸ್ಪ್ಯಾನರು, ಚಕ್ರಕ್ಕೆ ಅಡ್ಡ ಕೊಟ್ಟಿದ್ದ ನಾಲ್ಕು ಮರದ ದಿಮ್ಮಿ ಡಿಕ್ಕಿಗೆ ಹೋದವು. ದಾರಿಯಲ್ಲಿ ಬೋಲ್ಟು ಸಡಿಲವಾದರೆ ಎಂಬ ದಿಗಿಲು.

ಅಂಚೆ ಡಬ್ಬಿಯ ತಿರುವು ಬಂತು. ಮುಚ್ಚಳ ಕುಸಿದಲ್ಲೇ ಇತ್ತು. ಒಂದು ಬದಿಗೆ ಸರಿಯೋಣವೆಂದರೆ ಎದುರಿನಿಂದ ಹಾಲಿನ ಗಾಡಿ. ಗಡಿಬಿಡಿ ಕಾರನ್ನು ಹೆಚ್ಚುಕಡಿಮೆ ನಿಲ್ಲಿಸಿ, ಮುಂದಿನ ಚಕ್ರ ಇಳಿಸಿದ, ಹತ್ತಿಸಿದ. ಹಿಂದಿನದು ಇಳಿಯಿತು. ಕನ್ನಡಿಯಲ್ಲಿ ಅಮ್ಮನ ಮುಖ ನೋಡಲು ಧೈರ್ಯವಾಗದೆ ಕಿವಿ ಮಾತ್ರ ಹಿಂದಕ್ಕಿಟ್ಟ. ಕಾರು ಒಮ್ಮೆ ಎದ್ದಿತು, ಒಮ್ಮೆ ಕೂತಿತು. ಸೆಟ್ಟು ಒಂದೇ ಒಂದು ಸಲ, ಅಡಕೆ ಕಡಿದ ಹಾಗೆ, ಕಟ್ ಎಂದಿತು.

“ಯಾಕ್ ನಿಲ್ಲಿಸ್ದೆ?” ಎಂದು ಅಮ್ಮ ಕೇಳಿದಳು. ನೋವಾಯಿತೇ ಎಂದ. ಚೂರು ಆಯಿತು, ಅದು ಕೂತರೂ ಆಗುತ್ತೆ ನಿಂತರೂ ಆಗುತ್ತೆ, ನೀನು ನಡಿ ಎಂದಳು.

ಎರಡು ಗಂಟೆಯ ದಾರಿಗೆ ಮೂರೂಕಾಲು ಗಂಟೆ ಹಿಡಿಯಿತು. ನಾಲ್ಕು ಸಲ ನಿಲ್ಲಿಸಿ ಕೆಳಗೆ ಬಗ್ಗಿ ಬೋಲ್ಟು ಮುಟ್ಟಿ ನೋಡಿದ. ಐದನೆಯ ಸಲಕ್ಕೆ ಹೆಂಡತಿ, ಇನ್ನೊಂದ್ಸಲ ಇಳಿದ್ರೆ ನಾನೇ ಓಡಿಸ್ಕೊಂಡು ಹೋಗ್ತೀನಿ ಎಂದದ್ದರಿಂದ ಕೂತ.

ಚಿಕ್ಕಮ್ಮನ ಕೋಣೆ ರಸ್ತೆಗೇ ತೆರೆಯುವ ಕೋಣೆ, ಗೋಡೆಗೆ ಅಡ್ಡಲಾಗಿ ಕಬ್ಬಿಣದ ಮಂಚ. ಅಕ್ಕನನ್ನು ಕಂಡು ಅವಳು ಕೈ ಹಿಡಿದುಕೊಂಡು ಬೆರಳು ಎಣಿಸಿದಳು, ಎಲ್ಲ ಇವೆಯೇ ಎಂದು ನೋಡುವ ಹಾಗೆ. ಆಮೇಲೆ ತೊಡಕು ತಿಳಿಯಿತು. ಮಂಚ ತಗ್ಗು. ತಂಗಿ ಏಳಲಾರಳು, ಅಕ್ಕ ಬಗ್ಗಲಾರಳು. ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಅಮ್ಮನ ಬಾಯಿಗೂ ಚಿಕ್ಕಮ್ಮನ ಕಿವಿಗೂ ನಡುವೆ ಎರಡು ಮೊಳ. ದಿಂಬಿನ ಮೇಲೆ ದಿಂಬು ಇಟ್ಟು ನೋಡಿದರು. ಚಿಕ್ಕಮ್ಮನ ಕತ್ತು ಮುರಿದಂತಾಗಿ ಅವಳೇ ಬೇಡವೆಂದಳು. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಅಮ್ಮ ಒಮ್ಮೆ ತನ್ನ ಅರ್ಧವನ್ನು ಕೂಗಿ ಹೇಳಿ ನೋಡಿದಳು. ಚಿಕ್ಕಮ್ಮ, ಕೇಳಿಸಿದೆ ಎಂದು ಸುಳ್ಳಿಗೆ ತಲೆಯಾಡಿಸಿದಳು.

ಗಡಿಬಿಡಿ ಕೋಣೆಯಲ್ಲಿರಲಿಲ್ಲ. ಡಿಕ್ಕಿ ತೆರೆದ ಸದ್ದು ಕೇಳಿತು. ಜಾಕು ಒಂದು ಕೈಯಲ್ಲಿ, ಸ್ಪ್ಯಾನರು ಇನ್ನೊಂದರಲ್ಲಿ, ದಿಮ್ಮಿಗಳು ಕಂಕುಳಲ್ಲಿ, ಒಳಗೆ ಬಂದು ಮಂಚದ ಕೆಳಗೆ ಮೊಣಕಾಲೂರಿದ. ತಲೆಯ ಕಡೆಯ ಕಬ್ಬಿಣದ ಪಟ್ಟಿಗೆ ಜಾಕು ಕೊಟ್ಟು, ನಿಧಾನಕ್ಕೆ, ಒಂದೊಂದೇ ಹಲ್ಲು ಎತ್ತತೊಡಗಿದ. ಮಂಚದ ಸಮೇತ ತಲೆ ಮೇಲೇಳುತ್ತಿರುವುದು ಚಿಕ್ಕಮ್ಮನ ಗಮನಕ್ಕೆ ಬಂತು. ಕಣ್ಣು ಅರಳಿಸಿ ಕೆಳಗೆ ಇಣುಕಿ, ಊರಿಗೆಲ್ಲ ಕೇಳುವಂಥ ದನಿಯಲ್ಲಿ ಕೇಳಿದಳು:

“ಗಡಿಬಿಡಿ, ನನ್ನ ಚಕ್ರಾನೂ ಬಿಚ್ತೀಯೇನೋ?”

ಹೆಂಡತಿ ನಕ್ಕಳು, ಸೊಸೆ ನಕ್ಕಳು, ಅಮ್ಮ ಸೊಂಟದ ಪಟ್ಟಿ ಹಿಡಿದುಕೊಂಡು ನಕ್ಕಳು. ಅವನು ನಗಲಿಲ್ಲ, ಕೆಲಸದಲ್ಲಿದ್ದ. ಸಾಕು ಎಂದು ಅಮ್ಮ ಕೈ ಮಾಡಿದಾಗ, ಮಂಚದ ಎರಡು ಕಾಲಿನ ಕೆಳಗೆ ದಿಮ್ಮಿ ಸರಿಸಿ, ಜಾಕನ್ನು ಕೂದಲೆಳೆಯಷ್ಟು ಇಳಿಸಿ, ನಿಲ್ಲಿಸಿದ. ಮಂಚದ ಮೂಲೆಗೆ ಅಂಗೈ ಒತ್ತಿ ನೋಡಿದ. ಅಲುಗಲಿಲ್ಲ. ಆದರೂ ಕಾದ. ಭಾರ ಪೂರ್ತಿ ದಿಮ್ಮಿಗೆ ಬಂದದ್ದು ಖಾತ್ರಿಯಾದ ಮೇಲೆ ಜಾಕನ್ನು ಎಳೆದುಕೊಂಡ.

ಈಗ ಕಿವಿ ಬಾಯಿಗೆ ಸರಿಸಮ.

“ತೊರೆಯ ದಾಟುವ ಮುನ್ನ ತೆಪ್ಪವನು ನಂಬು,” ಎಂದಳು ಚಿಕ್ಕಮ್ಮ, ಎದುರಿನ ಗೋಡೆ ನೋಡುತ್ತ.

ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತೇ, ಮುಖವನ್ನು ಮಾತ್ರ ಪಕ್ಕಕ್ಕೆ ತಿರುಗಿಸಿ, ತಂಗಿಯ ಕಿವಿಗೆ ತುಟಿ ತಾಗಿಸಿ, ತೀರ ಮೆಲ್ಲಗೆ ಹೇಳಿದಳು: “ನಂಬಿ ಕುಳಿತರೆ ದಡವು ತಾನೆ ಬಳಿ ಬಹುದು.”

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ಮುಂದಿನ ಪದ್ಯಕ್ಕೆ ಹೋಗಲಿಲ್ಲ, ಅದನ್ನೇ ಇನ್ನೊಮ್ಮೆ ಶುರು ಮಾಡಿದಳು. ಈ ಸಲ ದನಿ ತಗ್ಗಿತ್ತು, ತಾಳ ಸಿಕ್ಕಿತ್ತು.

ಗಡಿಬಿಡಿ ನೆಲದ ಮೇಲೆ, ದಿಮ್ಮಿಯ ಪಕ್ಕದಲ್ಲೇ ಕೂತಿದ್ದ. ಮೂರೂಕಾಲು ಗಂಟೆಯ ದಾರಿ, ಹೊಸ ಬೋಲ್ಟು, ಒಮ್ಮೆ ಹೋಗಿ ನೋಡಿ ಬರಬೇಕು ಅನ್ನಿಸಿತು. ಸ್ಪ್ಯಾನರಿಗೆ ಕೈ ಹಾಕಿದ. ಈ ಪದ್ಯವೊಂದು ಮುಗಿಯಲಿ ಎಂದು ಕೂತ. ಅದು ಮುಗಿದ ಮೇಲೆ, ಇನ್ನೊಂದು ಆಗಲಿ ಎಂದು ಕೂತ.